ಧಣಿಯ ಸಿಟ್ಟು ಬೇರೆ, ದುಡಿದವನ ಹಕ್ಕು ಬೇರೆ

ಬೆಳಗ್ಗಿನ ಮದ್ರಸ ಬಿಟ್ಟು ಮಕ್ಕಳೆಲ್ಲ ಶಾಲೆಗೆ ಓಡಿದ ಮೇಲೆ ನಮ್ಮ ಮೊಹಲ್ಲಾದ ಒಬ್ಬರು ಉಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಮೊಬೈಲ್. "ಉಸ್ತಾದೇ, ಇದೊಂದು ಕೇಳಿ ನೋಡಿ" ಅಂತ ವಾಟ್ಸ್‌ಆ್ಯಪ್‌ಗೆ ಬಂದ ಒಂದು ವಾಯ್ಸ್ ಹಾಕಿದರು. ಶಾರ್ಜಾದ ಒಂದು ಗ್ರೋಸರಿಯಲ್ಲಿ ಕೆಲಸಕ್ಕಿರುವ ಅವರ ಮಗ ಕಳಿಸಿದ್ದು. ಆದರೆ ಅದರಲ್ಲಿ ಮಾತಾಡ್ತಿರುವುದು ಮಗ ಅಲ್ಲ, ಅಂಗಡಿಯ ಧಣಿ. ನಮ್ಮದೇ ಬ್ಯಾರಿ ಭಾಷೆಯಲ್ಲಿ, ಇಲ್ಲಿ ಬರೆಯಲಾಗದ ಮಾತುಗಳು. ಕೊನೆಗೆ ಒಂದು ವಾಕ್ಯ: ನಿನ್ನನ್ನು ಇಲ್ಲಿಗೆ ತಂದದ್ದು ಯಾರು ಅಂತ ಮರೀಬೇಡ.

ಸಂಬಳ ಬಾರದೆ ಎರಡು ತಿಂಗಳು ಕಳೆದಿತ್ತು. ಪಾಸ್‌ಪೋರ್ಟ್ ಅಂಗಡಿಯ ಲಾಕರಿನಲ್ಲಿ. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿದರೆ ರಾತ್ರಿ ಹನ್ನೆರಡಕ್ಕೆ ಇಳಿಸುವುದು, ನಡುವೆ ಮೂರು ಗಂಟೆ ಬಿಡುವು. ಹುಡುಗನಿಗೆ ಇಪ್ಪತ್ತಮೂರು ವರ್ಷ, ನನ್ನ ಹತ್ತಿರವೇ ಓದಿದವ. ಇನ್ನೊಂದು ವಿಷಯ ಉಮ್ಮ ಸ್ವಲ್ಪ ತಡೆದು ಹೇಳಿದರು. ಆ ಧಣಿ ಬೇರೆ ಯಾರೂ ಅಲ್ಲ, ಅವರ ಸ್ವಂತ ದೊಡ್ಡಮ್ಮನ ಮಗ. ಹುಡುಗ ಅವರನ್ನು ಕರೆಯುವುದು ಮಾಮ ಅಂತಲೇ.

"ನೀವು ಹೇಳಿದರೆ ಅವ ಕೇಳ್ತಾನೆ. ಸ್ವಲ್ಪ ಸಬ್ರ್ ಮಾಡ್ಲಿಕ್ಕೆ ಹೇಳಿ ಉಸ್ತಾದೇ."

ಹತ್ತು ವರ್ಷದ ಹಿಂದಾದರೆ ನಾನು ತಕ್ಷಣ ಹಾಗೆಯೇ ಹೇಳುತ್ತಿದ್ದೆ. ಹೇಳಿಯೂ ಇದ್ದೇನೆ. ಆಗ ಇನ್ನೊಬ್ಬ ಹುಡುಗ ಸೌದಿಯ ಒಂದು ಬೂಫಿಯಾದಿಂದ ಫೋನ್ ಮಾಡಿ, ಮೂರು ತಿಂಗಳಿಂದ ಸಂಬಳ ಇಲ್ಲ, ಕೇಳಿದರೆ ಕೈ ಎತ್ತುತ್ತಾನೆ ಅಂತ ಅತ್ತಿದ್ದ. ಸಹಿಸಿಕೋ, ಅಲ್ಲಾಹು ದಾರಿ ತೋರಿಸ್ತಾನೆ ಅಂದೆ. ಅವ ನನ್ನ ಮಾತು ಕೇಳಿದ. ಇನ್ನೂ ಎರಡು ತಿಂಗಳು ದುಡಿದ. ಒಂದು ದಿನ ಅಂಗಡಿಯೇ ಮುಚ್ಚಿತು. ಐದು ತಿಂಗಳ ಕೂಲಿ ಹೋಯಿತು, ಅವಧಿ ಮುಗಿದ ಇಖಾಮ ಹಿಡಿದುಕೊಂಡು ತಿಂಗಳುಗಟ್ಟಲೆ ಅಲೆದು ಊರಿಗೆ ಬಂದ. ಈಗಲೂ ಸಿಕ್ಕಿದರೆ ಸಲಾಂ ಹೇಳ್ತಾನೆ, ಬೇರೇನೂ ಹೇಳುವುದಿಲ್ಲ. ನನಗೆ ಮಾತ್ರ ಅವನ ಮುಖ ನೋಡುವಾಗ ಆ ಫೋನ್ ಕರೆ ನೆನಪಿಗೆ ಬರ್ತದೆ. ಆದ್ದರಿಂದ ಈ ಉಮ್ಮನಿಗೆ ಆ ದಿನ ಉತ್ತರ ಕೊಡಲಿಲ್ಲ. ಮಗನ ಹತ್ತಿರ ನಾನೇ ಮಾತಾಡ್ತೇನೆ ಅಂದೆ.

ದೇಶದಲ್ಲಿ ಎರಡು ಮೂರು ವರ್ಷಗಳಿಂದ ಬಾಸ್‌ಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯುತ್ತಿದೆ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಕಂಪನಿಯ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡ್ತೀರಿ ಅಂತ ಕೇಳಿ ಬೈಸಿಕೊಂಡರು. ಈ ಎರಡು ಹೇಳಿಕೆಗಳ ನಡುವೆ, 2024ರಲ್ಲಿ, ಪುಣೆಯ ದೊಡ್ಡ ಲೆಕ್ಕಪರಿಶೋಧನೆ ಕಂಪನಿಗೆ ಸೇರಿದ್ದ ಕೇರಳದ 26 ವರ್ಷದ ಹುಡುಗಿ ನಾಲ್ಕೇ ತಿಂಗಳಲ್ಲಿ ತೀರಿಕೊಂಡಳು. ಮಗಳನ್ನು ಕೆಲಸದ ಹೊರೆ ಕೊಂದಿತು ಅಂತ ತಾಯಿ ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ದೇಶವೆಲ್ಲ ಓದಿತು. ಟಿವಿಯಲ್ಲಿ ಪ್ಯಾನೆಲ್ ಚರ್ಚೆಗಳಾದವು. ನಮ್ಮ ಮನೆಗಳಲ್ಲಿಯೂ ನೋಡಿ, ಪಾಪ ಅಂದೆವು.

ಆದರೆ ಅದು ನಮ್ಮ ವಿಷಯ ಅಂತ ನಮಗೆ ಅನಿಸಲಿಲ್ಲ. ಯಾಕೆಂದರೆ ನಮ್ಮ ಹುಡುಗರಿಗೆ ಬಾಸ್ ಅಂತ ಒಬ್ಬ ಇರುವುದಿಲ್ಲ. ಇರುವುದು ಮಾಮ, ಕಾಕ, ಹಾಜಾರ್, ವೀಸಾ ಕೊಟ್ಟವರು. ಕರಾವಳಿಯ ಬ್ಯಾರಿ ಹುಡುಗ ಗಲ್ಫಿಗೆ ಹೋಗುವುದು ಹೆಚ್ಚಾಗಿ ಜಾಹೀರಾತು ನೋಡಿ ಅಲ್ಲ, ಮದುವೆ ಮನೆಯಲ್ಲಿ ಆದ ಮಾತಿನಿಂದ. "ಇವನನ್ನೊಮ್ಮೆ ಕರ್ಕೊಂಡು ಹೋಗು" ಅಂತ ಉಮ್ಮ ಕೇಳ್ತಾಳೆ, "ಆಯ್ತು, ನನ್ನ ಮಗನ ಹಾಗೆ ನೋಡ್ಕೊಳ್ತೇನೆ" ಅಂತ ಅವರು ಹೇಳ್ತಾರೆ. ಸಂಬಳ ಎಷ್ಟು, ಕೆಲಸ ಎಷ್ಟು ಗಂಟೆ, ರಜೆ ಯಾವಾಗ ಅಂತ ಆ ಹೊತ್ತಿನಲ್ಲಿ ಕೇಳಿದರೆ ಅದು ಮರ್ಯಾದೆಗೇಡು. ಮಗನ ಹಾಗೆ ನೋಡ್ಕೊಳ್ತೇನೆ ಅಂದ ಮೇಲೆ ಮಗನಿಗೆ ಓವರ್‌ಟೈಮ್ ಯಾರು ಕೊಡ್ತಾರೆ? ಮಗ ಶುಕ್ರವಾರ ಜುಮಾ ಮುಗಿಸಿ ಬಂದು ಮತ್ತೆ ಕೌಂಟರಿನಲ್ಲಿ ನಿಲ್ಲಬೇಕು. ಬೈದರೆ ಮಾಮನ ಬೈಗುಳ, ಮನಸ್ಸಿಗೆ ಹಾಕಿಕೊಳ್ಳಬಾರದು.

ಈ ಧಣಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅವರಲ್ಲಿ ಎಷ್ಟೋ ಜನ ಒಂದು ಕಾಲದಲ್ಲಿ ಇದಕ್ಕಿಂತ ಕಷ್ಟ ತಿಂದವರೇ. ಒಂದು ರೂಮಿನಲ್ಲಿ ಹತ್ತು ಜನ ಮಲಗಿ, ಕುಬ್ಬೂಸ್ ತಿಂದು, ತಂಗಿಯರ ಮದುವೆ ಮಾಡಿಸಿದವರು. ಈಗ ಬೀದಿಯ ಗ್ರೋಸರಿಯ ಪಕ್ಕದಲ್ಲೇ ಹೈಪರ್‌ಮಾರ್ಕೆಟ್ ಬಂದಿದೆ, ಸಾಮಾನು ಮೊಬೈಲಿನಲ್ಲೇ ಆರ್ಡರ್ ಆಗ್ತದೆ, ಬಾಡಿಗೆ ಇಳಿಯುವುದಿಲ್ಲ, ಲೈಸೆನ್ಸ್ ಮತ್ತು ವೀಸಾದ ಫೀಸುಗಳು ಬಿಡುವುದಿಲ್ಲ. ಆ ಒತ್ತಡ ಮೇಲಿಂದ ಇಳಿದು ಕೊನೆಗೆ ಕೌಂಟರಿನ ಹುಡುಗನ ತಲೆಯ ಮೇಲೆ ಬೀಳ್ತದೆ. "ನಾನು ಬಂದಾಗ ಹದಿನೆಂಟು ಗಂಟೆ ದುಡಿದಿದ್ದೆ" ಅನ್ನುವ ಮಾತು ಸುಳ್ಳಲ್ಲ. ಆದರೆ ತಾನು ತಿಂದ ಪೆಟ್ಟನ್ನು ಇನ್ನೊಬ್ಬನಿಗೆ ಕೊಡಲಿಕ್ಕೆ ಅದು ಲೈಸೆನ್ಸ್ ಆಗುವುದಿಲ್ಲ.

ಹಳೆಯ ಕಾಲದಲ್ಲಿ ಧಣಿಯ ಬಲ ಇದ್ದದ್ದು ಕಫಾಲದಲ್ಲಿ. ಕಫೀಲ್ ಸಹಿ ಹಾಕದೆ ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಕೆಲವು ದೇಶಗಳಲ್ಲಿ ಊರಿಗೂ ಹೋಗುವ ಹಾಗಿಲ್ಲ. ನಮ್ಮ ಬಾಪಂದಿರು ಕಂಡ ಗಲ್ಫ್ ಅದು. ನಮ್ಮ ಮನೆಗಳ ಉಪದೇಶವೂ ಆ ಕಾಲದ್ದೇ. ಬೇರೆ ದಾರಿ ಇಲ್ಲದಾಗ ಸಹಿಸಿಕೊಳ್ಳುವುದೇ ಬುದ್ಧಿವಂತಿಕೆ ಆಗಿತ್ತು.

ಆ ಗೋಡೆ ಈಗ ಹಲವು ಕಡೆ ಬಿರುಕು ಬಿಟ್ಟಿದೆ. ಕತಾರ್ 2020ರಲ್ಲಿ ಕೆಲಸ ಬದಲಾಯಿಸಲು ಹಳೆ ಧಣಿಯ ಎನ್‌ಒಸಿ ಬೇಕೆಂಬ ನಿಯಮ ತೆಗೆಯಿತು. 2021ರ ಮಾರ್ಚ್‌ನಿಂದ ಅಲ್ಲಿ ಕನಿಷ್ಠ ಸಂಬಳ 1,000 ರಿಯಾಲ್, ಧಣಿ ಊಟ ವಸತಿ ಕೊಡದಿದ್ದರೆ ವಸತಿಗೆ 500, ಊಟಕ್ಕೆ 300 ಬೇರೆ. ಸೌದಿಯಲ್ಲಿ 2021ರ ಮಾರ್ಚ್ 14ರಿಂದ, ಒಂದು ವರ್ಷ ದುಡಿದವ ನಿಯಮದಂತೆ ನೋಟಿಸ್ ಕೊಟ್ಟು ಧಣಿಯ ಒಪ್ಪಿಗೆ ಇಲ್ಲದೆ ಬೇರೆ ಕಡೆ ಹೋಗಬಹುದು. ಎಕ್ಸಿಟ್ ರೀ-ಎಂಟ್ರಿಗೆ ತಾನೇ ಅಬ್ಶರ್‌ನಲ್ಲಿ ಅರ್ಜಿ ಹಾಕಬಹುದು. ಯುಎಇಯಲ್ಲಿ 2022ರ ಫೆಬ್ರವರಿ 2ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನು ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು ನೇರವಾಗಿ ನಿಷೇಧಿಸಿದೆ. ಅಷ್ಟೇ ಅಲ್ಲ, ಧಣಿಯಾಗಲಿ ಮೇಲಿನವರಾಗಲಿ ಕೆಲಸಗಾರನಿಗೆ ಮಾತಿನ ಹಿಂಸೆ, ದೈಹಿಕ ಹಿಂಸೆ, ಮಾನಸಿಕ ಹಿಂಸೆ ಕೊಡಬಾರದು ಅಂತ ಅದೇ ಕಾನೂನಿನ 14ನೇ ಕಲಮಿನಲ್ಲಿ ಉಂಟು. ಬೈಗುಳವೂ ಕಾನೂನಿನ ಒಳಗೆ ಬಂದಿದೆ ಅಂತ ನಾನು ಹೇಳಿದಾಗ ನಮ್ಮ ಹುಡುಗರು ನಂಬುವುದಿಲ್ಲ. "ಉಸ್ತಾದ್ ತಮಾಷೆ ಮಾಡ್ತೀರಾ" ಅಂತಾರೆ.

ಎಲ್ಲ ಸರಿಯಾಯಿತು ಅಂತ ನಾನು ಹೇಳ್ತಾ ಇಲ್ಲ. ಸೌದಿಯ ಆ ಸುಧಾರಣೆಯಲ್ಲಿ ಮನೆ ಡ್ರೈವರುಗಳು, ಮನೆಕೆಲಸದವರು, ತೋಟ ನೋಡುವವರು, ಕುರಿ ಮೇಯಿಸುವವರು ಬರಲಿಲ್ಲ. ನಮ್ಮವರಲ್ಲಿ ಹೌಸ್ ಡ್ರೈವರ್ ವೀಸಾದಲ್ಲಿ ಹೋದವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು. ಹುರೂಬ್ ಹಾಕ್ತೇನೆ ಅನ್ನುವ ಬೆದರಿಕೆ ಇನ್ನೂ ಹೋಗಿಲ್ಲ. ಸಂಬಳ ಬ್ಯಾಂಕಿಗೆ ಹಾಕಬೇಕು ಅಂತ ನಿಯಮ ಬಂದಾಗ ಅದಕ್ಕೂ ಕೆಲವರು ಉಪಾಯ ಕಂಡುಕೊಂಡರು. ಹುಡುಗನ ಎಟಿಎಂ ಕಾರ್ಡ್ ಧಣಿಯ ಡ್ರಾಯರಿನಲ್ಲಿ! ಲೆಕ್ಕದಲ್ಲಿ ಸಂಬಳ ಬಂದಿದೆ, ಕೈಗೆ ಬಂದಿಲ್ಲ.

ನಮ್ಮ ಕಡೆಯದ್ದೂ ಒಂದು ತೊಂದರೆ ಉಂಟು, ಅದು ಹೆಚ್ಚಿನ ಮನೆಯವರಿಗೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್. ಅವರು ಗಲ್ಫೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಇ-ಮೈಗ್ರೇಟ್‌ನಲ್ಲಿ ಕರಾರು ಪತ್ರ ತೋರಿಸಿ ಅನುಮತಿ ಪಡೆಯಬೇಕು, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆಯೂ ಮಾಡಿಸಬೇಕು. ನಮ್ಮ ಹುಡುಗರು ಈಗ ಅಲ್‌ಹಮ್ದುಲಿಲ್ಲಾಹ್ ಹತ್ತನೇ ಪಾಸಾಗಿರ್ತಾರೆ, ಹಾಗಾಗಿ ಆ ಅನುಮತಿ ಬೇಡ. ಒಳ್ಳೆಯದೇ. ಆದರೆ ಅದರ ಜೊತೆಗೆ ಯಾರೂ ಕರಾರು ನೋಡದೆಯೇ ಹುಡುಗ ವಿಮಾನ ಹತ್ತಿ ಆಗ್ತದೆ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಂತರೆ ಇನ್ನೂ ಕಷ್ಟ. ವರ್ಕ್ ಪರ್ಮಿಟ್ ಇಲ್ಲದವ ಸಂಬಳ ಕೇಳಲಿಕ್ಕೆ ಹೋದರೆ ತಾನೇ ತಪ್ಪು ಮಾಡಿದವನ ಸ್ಥಾನದಲ್ಲಿ ನಿಂತಿರ್ತಾನೆ.

ಈಗ ಆ ಹುಡುಗನ ವಿಷಯಕ್ಕೆ ಬರ್ತೇನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡಿದ. ಮೊದಲು ಅವನಿಗೆ ಹೇಳಿದ್ದು, ಆ ವಾಯ್ಸ್ ಯಾರಿಗೂ ಕಳಿಸಬೇಡ ಅಂತ. ಅವ ಮೊಬೈಲ್ ಜೇಬಿನಲ್ಲಿಟ್ಟು ಧಣಿಯ ಬೈಗುಳ ಗುಟ್ಟಾಗಿ ರೆಕಾರ್ಡ್ ಮಾಡಿದ್ದ. ಯುಎಇಯಲ್ಲಿ ಒಪ್ಪಿಗೆ ಇಲ್ಲದೆ ಒಬ್ಬರ ಮಾತು ರೆಕಾರ್ಡ್ ಮಾಡಿ ಹಂಚುವುದೇ ಅಪರಾಧ, ಜೈಲೂ ದಂಡವೂ ಉಂಟು. ವಾಟ್ಸ್‌ಆ್ಯಪ್‌ನಲ್ಲಿ ಬೈದು ಬರೆದರೂ ಕೇಸು. ಸತ್ಯ ಇವನ ಕಡೆ ಇದ್ದೂ ಸಿಕ್ಕಿಬೀಳುವವ ಇವನೇ ಆಗ್ತಿದ್ದ. ಇದನ್ನು ಉಮ್ಮನಿಗೂ ಹೇಳಿದೆ. ಅವರು ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಹಾಕುವುದರಲ್ಲಿದ್ದರು!

ಆಮೇಲೆ ಅವನಿಗೇ ಒಂದು ಪ್ರಶ್ನೆ ಕೇಳಿದೆ. ಮಾಮನ ಸಿಟ್ಟು ನಿನ್ನ ಸಮಸ್ಯೆಯಾ, ಸಂಬಳವಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಬಳ ಸರಿ ಕೊಟ್ಟಿದ್ರೆ ಬೈಗುಳ ಕೇಳಿ ಹೋಗ್ತಿದ್ದೆ ಉಸ್ತಾದೇ" ಅಂದ.

ನನಗೆ ಅನಿಸುವುದು, ನಾವು ಈ ಎರಡನ್ನು ಬೆರೆಸಿಬಿಟ್ಟಿದ್ದೇವೆ. ಬಾಯಿ ಜೋರಿನ ಧಣಿ ಎಲ್ಲ ಕಡೆ ಇರ್ತಾರೆ. ಕೆಲವರು ಬೆಳಗ್ಗೆ ಹಾರಾಡಿ ಸಂಜೆ ಚಹಾ ತರಿಸಿ ಕೊಡ್ತಾರೆ. ಅವರ ಹತ್ತಿರ ಸಿಟ್ಟು ಇಳಿದ ಹೊತ್ತು ನೋಡಿ ಮಾತಾಡಬೇಕು, ಗಿರಾಕಿಯ ಎದುರು ಉತ್ತರ ಕೊಡಬಾರದು, ಕೆಲಸದಲ್ಲಿ ನಮ್ಮ ತಪ್ಪಿದ್ದರೆ ಒಪ್ಪಿಬಿಡಬೇಕು. ಸಬ್ರ್‌ನ ಜಾಗ ಅದು. ದುಡಿದ ಸಂಬಳ, ಪಾಸ್‌ಪೋರ್ಟ್, ವಾರದ ರಜೆ ಹಾಗಲ್ಲ. ಅದು ಹಕ್ಕ್. ಕೂಲಿಯವನ ಬೆವರಿನ ಹದೀಸ್ ಮದ್ರಸದ ಸಣ್ಣ ಮಕ್ಕಳಿಗೂ ಬಾಯಿಪಾಠ. ಹಕ್ಕು ಕೇಳುವವನಿಗೆ ಸಬ್ರ್ ಮಾಡು ಅಂತ ಹೇಳುವಾಗ ನಾವು ಉಪದೇಶ ಮಾಡುತ್ತಿರುವುದು ತಪ್ಪು ಮನುಷ್ಯನಿಗೆ. ಇನ್ನು ಕೈ ಎತ್ತುವವ, ಮೈ ಮುಟ್ಟುವವ ಆದರೆ ಅಲ್ಲಿ ಒಂದು ದಿನವೂ ಕಾಯಬಾರದು. ಸೀದಾ ದೂರು ಕೊಟ್ಟು ಹೊರಗೆ ಬರಬೇಕು.

ಹುಡುಗನಿಗೆ ಹೇಳಿದ ಕೆಲಸಗಳು ಸಣ್ಣವು. ಅಲ್ಲಿನ ಕಾರ್ಮಿಕ ಸಚಿವಾಲಯದ ಆ್ಯಪಿನಲ್ಲಿ ತನ್ನ ಕರಾರು ತೆಗೆದು ನೋಡಲು ಹೇಳಿದೆ. ನೋಡಿದರೆ ಬಾಯಲ್ಲಿ ಹೇಳಿದ ಸಂಬಳವೇ ಬೇರೆ, ಕರಾರಿನಲ್ಲಿ ಬರೆದದ್ದೇ ಬೇರೆ. ಮೂರು ವರ್ಷದಿಂದ ಅವ ಅದನ್ನು ನೋಡಿರಲಿಲ್ಲ. ಪ್ರತಿದಿನ ಅಂಗಡಿ ತೆರೆದ ಹೊತ್ತು, ಮುಚ್ಚಿದ ಹೊತ್ತು ಒಂದು ಪುಸ್ತಕದಲ್ಲಿ ಬರೆಯಲು ಹೇಳಿದೆ. ಅಲ್ಲಿ ಸಾಮಾನ್ಯ ಕೆಲಸ ದಿನಕ್ಕೆ ಎಂಟು ಗಂಟೆ, ಓವರ್‌ಟೈಮ್ ಸಾಮಾನ್ಯವಾಗಿ ಎರಡು ಗಂಟೆಗಿಂತ ಹೆಚ್ಚು ಮಾಡಿಸುವ ಹಾಗಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಲಿಕ್ಕೆ ಹೇಳಿದೆ. ಸಿಟ್ಟಿನಲ್ಲಿ ರೂಮು ಬಿಟ್ಟು ಹೋಗಬೇಡ ಅಂತ ಎರಡು ಸಲ ಹೇಳಿದೆ. ಏಳು ದಿನಕ್ಕಿಂತ ಹೆಚ್ಚು ಸತತವಾಗಿ ಗೈರಾದರೆ ಕೆಲಸ ಬಿಟ್ಟು ಓಡಿದ ಅಂತ ಧಣಿ ದೂರು ಕೊಡಬಹುದು, ಆಮೇಲೆ ಸರಿ ಇದ್ದವನೂ ತಪ್ಪಿತಸ್ಥ. ಕೊನೆಗೆ ಮಾಮನಿಗೆ ಒಂದು ಮೆಸೇಜ್. ಮರ್ಯಾದೆಯಿಂದ, ಸಲಾಂ ಹೇಳಿ, ಎರಡು ತಿಂಗಳ ಸಂಬಳ ಬಾಕಿ ಉಂಟು, ಪಾಸ್‌ಪೋರ್ಟ್ ನನಗೆ ಬೇಕು, ಯಾವ ದಿನ ಕೊಡ್ತೀರಿ ಅಂತ. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇಲ್ಲ, ಬರೆದದ್ದಕ್ಕೆ ತಾರೀಕು ಇರ್ತದೆ.

ಅದಕ್ಕೂ ಬಗ್ಗದಿದ್ದರೆ ಸಚಿವಾಲಯಕ್ಕೆ ದೂರು. 2024ರಿಂದ 50,000 ದಿರ್ಹಮ್‌ವರೆಗಿನ ಜಗಳವನ್ನು ಸಚಿವಾಲಯವೇ ತೀರ್ಮಾನಿಸಬಹುದು. ದುಬೈಯಲ್ಲಿ ನಮ್ಮ ಕಾನ್ಸುಲೇಟ್ ಕಡೆಯಿಂದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಉಂಟು. ಯುಎಇಯ ಒಳಗಿಂದ 80046342ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೇರೆ ದೇಶದಲ್ಲಿರುವವರ ಮನೆಯವರು ಊರಿನಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಮನೆಯಲ್ಲಿ ಪಿಯುಸಿ ಓದುವ ತಂಗಿ ಇದ್ದರೆ ಸಾಕು, ಅವಳೇ ಮಾಡಿಕೊಡ್ತಾಳೆ.

ಊರಲ್ಲೇ ದುಡಿಯುವವರದ್ದೂ ಕಡಿಮೆ ಕತೆ ಅಲ್ಲ. ಮಂಗಳೂರಿನ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಹೋಟೆಲುಗಳಲ್ಲಿ ನಮ್ಮ ಮಕ್ಕಳು ಎಷ್ಟೋ ಮಂದಿ ಒಂದು ತುಂಡು ಕಾಗದ ಇಲ್ಲದೆ ಕೆಲಸಕ್ಕಿದ್ದಾರೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಾರ್ಮಿಕ ಸಂಘಟನೆಗಳು ಅವನ್ನು ವಿರೋಧಿಸುತ್ತಿರುವುದಕ್ಕೆ ಕಾರಣಗಳಿವೆ, ಅದು ಇನ್ನೊಂದು ಲೇಖನದ ವಿಷಯ. ಆದರೆ ಅದರಲ್ಲಿ ನಮಗೆ ಬೇಕಾದ ಎರಡು ಮಾತು ಉಂಟು. ಕೆಲಸಕ್ಕೆ ಸೇರುವವನಿಗೆ ನೇಮಕಾತಿ ಪತ್ರ ಕೊಡಬೇಕು. ಬಿಟ್ಟವನಿಗೂ ತೆಗೆದವನಿಗೂ ಬಾಕಿ ಕೂಲಿ ಎರಡು ಕೆಲಸದ ದಿನದೊಳಗೆ ಕೊಡಬೇಕು. "ಮುಂದಿನ ತಿಂಗಳು ಬಾ, ನೋಡುವ" ಅನ್ನುವ ಮಾತಿಗೆ ಈಗ ಕಾನೂನಿನಲ್ಲಿ ಜಾಗ ಇಲ್ಲ. ಕಾನೂನು ಪುಸ್ತಕದಿಂದ ಗಲ್ಲಾಪೆಟ್ಟಿಗೆಗೆ ಬರಲಿಕ್ಕೆ ಸಮಯ ಹಿಡಿತದೆ ಅನ್ನುವುದು ಬೇರೆ.

ಹುಡುಗಿಯರ ವಿಷಯದಲ್ಲಿ ನಾವು ಮಾಡುವ ಅನ್ಯಾಯ ಇನ್ನೂ ದೊಡ್ಡದು. ಮೇಲಿನವ ಕೆಟ್ಟ ಮಾತಾಡಿದ ಅಂತ ಮಗಳು ಮನೆಯಲ್ಲಿ ಹೇಳಿದರೆ ನಮ್ಮ ಮೊದಲ ತೀರ್ಮಾನ ಅವಳ ಕೆಲಸ ಬಿಡಿಸುವುದು. ಅವನ ಕೆಲಸ ಹಾಗೆಯೇ ಇರ್ತದೆ. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಸಣ್ಣ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಹೇಳಿದ್ದಕ್ಕೆ ಕೆಲಸವೇ ಹೋಗ್ತದೆ ಅಂತ ಗೊತ್ತಾದ ಮಗಳು ಇನ್ನೊಂದು ಸಲ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಇದನ್ನು ಉಮ್ಮಂದಿರು ಯೋಚಿಸಬೇಕು.

ಇಷ್ಟೆಲ್ಲ ಬರೆಯುವ ನನಗೂ ಧಣಿಗಳಿದ್ದಾರೆ, ಜಮಾಅತ್ ಕಮಿಟಿ. ಈಗಿನವರು ಒಳ್ಳೆಯವರು, ಅವರು ಓದ್ತಾರೆ ಅಂತ ಹೇಳುವುದಲ್ಲ. ಹಿಂದೆ ನಾನಿದ್ದ ಒಂದು ಊರಿನಲ್ಲಿ ನನ್ನ ಸಂಬಳ, ರಜೆ ಎಲ್ಲ ಒಂದು ಕಾಗದದಲ್ಲಿ ಬರೆದು ಕೊಡಿ ಅಂತ ಕೇಳಿದ್ದಕ್ಕೆ ಅಲ್ಲಿನ ಅಧ್ಯಕ್ಷರು, "ಉಸ್ತಾದರಿಗೆ ಕಾಗದ ಯಾಕೆ? ಅಲ್ಲಾಹನ ಮೇಲೆ ಭರವಸೆ ಇಲ್ವಾ?" ಅಂತ ಎಲ್ಲರ ಎದುರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕುರ್‌ಆನಿನ ಅತಿ ಉದ್ದದ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇರುವುದು ಅಂತ ಆಗ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಮರುವರ್ಷ ರಂಝಾನಿನ ನಂತರ ನನ್ನನ್ನು ಬಿಡಿಸಿದರು, ಒಂದು ತಿಂಗಳ ಸಂಬಳ ಇವತ್ತಿಗೂ ಬಾಕಿ. ಹಾಗಾಗಿ ಶಾರ್ಜಾದ ಹುಡುಗ ಮಾಮನ ಎದುರು ಯಾಕೆ ಸುಮ್ಮನಿದ್ದ ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಪುಟ ಓದುವವರಲ್ಲಿ ಧಣಿಗಳೂ ಇದ್ದೀರಿ. ಮದ್‌ಯನ್‌ನ ಆ ಹಿರಿಯರು ಮೂಸಾ ನಬಿಯವರನ್ನು ಕೆಲಸಕ್ಕೆ ಇಟ್ಟುಕೊಂಡ ಕತೆ ನಿಮಗೆ ಗೊತ್ತು. ಮನೆಯ ಅಳಿಯನಾಗುವವನ ಹತ್ತಿರವೂ ಎಂಟು ವರ್ಷ, ಹತ್ತಾದರೆ ಅದು ನಿನ್ನ ಇಷ್ಟ ಅಂತ ಮೊದಲೇ ಲೆಕ್ಕ ಹೇಳಿದರು. ನಿನಗೆ ಕಷ್ಟ ಕೊಡುವ ಉದ್ದೇಶ ನನಗಿಲ್ಲ ಅಂತಲೂ ಹೇಳಿದರು. ಸಂಬಂಧ ಇದೆ ಅಂತ ಅವಧಿ ಹೇಳದೆ ಬಿಡಲಿಲ್ಲ. ತಂಗಿಯ ಮಗನಿಗೆ ವೀಸಾ ಕೊಡುವಾಗ ನೀವೂ ಅಷ್ಟು ಮಾಡಿದರೆ ಆಮೇಲೆ ಬೈಯುವ ಪ್ರಸಂಗಗಳೇ ಅರ್ಧ ಕಡಿಮೆಯಾಗ್ತವೆ.

ಮೆಸೇಜ್ ಹೋಗಿ ಒಂಬತ್ತು ದಿನಕ್ಕೆ ಹುಡುಗನ ಪಾಸ್‌ಪೋರ್ಟ್ ಕೈಗೆ ಬಂತು. ಒಂದು ತಿಂಗಳ ಸಂಬಳವೂ ಬಂತು, ಇನ್ನೊಂದು ತಿಂಗಳದ್ದು ಬಾಕಿ ಉಂಟು. ದೂರು ಕೊಡಬೇಕಾಗಿ ಬರಲಿಲ್ಲ. ಮಾಮ ಈಗ ಬೈಯುವುದಿಲ್ಲ, ಮಾತೇ ಆಡುವುದಿಲ್ಲ. ಅವ ಬೇರೆ ಕೆಲಸ ಹುಡುಕ್ತಾ ಇದ್ದಾನೆ.

ಮೊನ್ನೆ ಉಮ್ಮ ಮತ್ತೆ ಮದ್ರಸದ ಗೇಟಿಗೆ ಬಂದಿದ್ದರು. ಆ ಧಣಿಯ ಮಗಳ ಮದುವೆ ಮುಂದಿನ ತಿಂಗಳು. ಕರೆಯೋಲೆ ಎಲ್ಲ ಮನೆಗೂ ಬಂದಿದೆ, ಇವರ ಮನೆಗೆ ಬಂದಿಲ್ಲ. ಒಂದೇ ಅಂಗಳದಲ್ಲಿ ಆಡಿ ಬೆಳೆದವರು. "ಅವನಿಗೆ ಸಂಬಳ ಸಿಕ್ಕಿದ್ದು ಒಳ್ಳೆಯದಾಯ್ತು ಉಸ್ತಾದೇ" ಅಂದರು. ಸ್ವಲ್ಪ ಹೊತ್ತು ನಿಂತು, ಕರೆಯದಿದ್ದರೂ ಹೋಗಬಹುದಾ ಅಂತ ಕೇಳಿದರು. ಮದುವೆಯ ಮೊದಲೇ ಒಂದು ದಿನ ಸುಮ್ಮನೆ ಮನೆಗೆ ಹೋಗಿ ಸಲಾಂ ಹೇಳಿ ಬನ್ನಿ, ಸಂಬಳದ ಮಾತು ತೆಗೆಯಬೇಡಿ, ಅದನ್ನು ಮಗ ನೋಡಿಕೊಳ್ತಾನೆ ಅಂದೆ. ಹೋದರೋ ಇಲ್ಲವೋ, ನಾನಿನ್ನೂ ಕೇಳಿಲ್ಲ.